ಆರಿದಂತೆ ಕಾಣುವ ಇದ್ದಿಲು

ಬ್ರಿಟನ್ನಿನಲ್ಲಿ ವಾರಾಂತ್ಯಕ್ಕೆ ಕ್ಯಾಂಪಿಂಗ್ ಕ್ಲಬ್ಬಿನವರೊಂದಿಗೆ ಮೋಟರ್‌ಹೋಮ್‌ನಲ್ಲಿ ಹೊರಡುವುದು ಹಳೆಯ ರೂಢಿ; ಅಲ್ಲಿನ ಕ್ಯಾರವಾನ್ ಕ್ಲಬ್ 1907ರಲ್ಲೇ ಆರಂಭವಾಯಿತು. ಹಾಸಿಗೆ, ಅಡುಗೆಮನೆ, ಶೌಚಾಲಯ ಎಲ್ಲವೂ ವಾಹನದೊಳಗೇ. ಅಲ್ಲಿರುವ ಮಕ್ಕಳ ಜೊತೆ ನೀವೂ ಹೋಗುವುದಾದರೆ ಇದನ್ನು ತಿಳಿದಿರಿ: ಹೊರಗೆ ಕಬಾಬ್ ಸುಟ್ಟ ಇದ್ದಿಲೊಲೆಯನ್ನು ಮಳೆಯೆಂದೋ ಚಳಿಯೆಂದೋ ಒಳಗೆ ತರಬೇಡಿ. ಬೂದಿ ಮುಚ್ಚಿದ ಇದ್ದಿಲೂ ಗಂಟೆಗಟ್ಟಲೆ ಕಾರ್ಬನ್ ಮಾನಾಕ್ಸೈಡ್ ಬಿಡುತ್ತಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟು ಬಲವಾಗಿ ಅಂಟಿಕೊಳ್ಳುವುದರಿಂದ ಮಲಗಿದವರು ಎಚ್ಚರಗೊಳ್ಳದೆಯೇ ಸಾಯಬಹುದು.

ಹಲವರಿಗೆ ಒಟ್ಟಿಗೇ ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ ಪ್ರಯಾಣದ ಆಯಾಸವೆಂದು ಮಲಗಬೇಡಿ (ನಾವು ಮಾಡುವುದು ಅದನ್ನೇ). ಎಲ್ಲರೂ ಹೊರಬಂದು 999ಕ್ಕೆ ಕರೆ ಮಾಡಿ. ಗಾಳಿಕಿಂಡಿಗೆ ಬಟ್ಟೆ ತುರುಕಬೇಡಿ. ಹೊರಡುವ ಮೊದಲು ಕಾರ್ಬನ್ ಮಾನಾಕ್ಸೈಡ್ ಅಲಾರಂನ ಗುಂಡಿ ಒತ್ತಿ, ಸದ್ದು ಬರುತ್ತದೆಯೇ ನೋಡಿ.