ಕ್ಯಾಮೆರಾ ಕಂಡ ಹೊಗೇನಕಲ್

ಕರ್ನಾಟಕದಿಂದ ಹರಿದು ಬರುವ ಕಾವೇರಿ ನದಿಯು ಧರ್ಮಪುರಿ ಜಿಲ್ಲೆಯ ಹೊಗೇನಕಲ್ಲಿನಲ್ಲಿ ಬಂಡೆಗಳ ನಡುವೆ ಧುಮುಕುತ್ತದೆ. ಆಗ ಮೇಲೇಳುವ ತುಂತುರು ದೂರದಿಂದ ಹೊಗೆಯಂತೆ ಕಾಣುತ್ತದೆ. 'ಹೊಗೆ' ಮತ್ತು 'ಕಲ್ಲು' ಎಂಬ ಕನ್ನಡ ಪದಗಳು ಸೇರಿ ಈ ಹೆಸರಾಗಿದೆ. ತಮಿಳಿನ 'ಪುಗೈ' ಕೂಡ ನಮ್ಮ 'ಹೊಗೆ'ಯ ಒಡಹುಟ್ಟಿದ ಮಾತೇ. ಇಲ್ಲಿಗೆ ಬಂದವರು ಚಿತ್ರ ತೆಗೆಯದೆ ಹೋಗುವುದು ಅಪರೂಪ. ಆದರೆ ಎಷ್ಟೋ ಚಿತ್ರಗಳಲ್ಲಿ ಜಲಪಾತವು ಬರಿಯ ಬಿಳಿ ಕಲೆಯಾಗಿ ಉಳಿದಿರುತ್ತದೆ. ಹೀಗೇಕೆ? ಕ್ಯಾಮೆರಾ ಕೆಲಸ ಮಾಡುವ ಬಗೆಯನ್ನು ತಿಳಿದರೆ ಕಾರಣ ಗೊತ್ತಾಗುತ್ತದೆ.

ನಲ್ಲಿಯ ಕೆಳಗೆ ಕೊಡ ಇಟ್ಟಿರುವುದನ್ನು ನೆನೆಯಿರಿ. ನಲ್ಲಿಯನ್ನು ಪೂರ್ತಿ ತಿರುಗಿಸಿದರೆ ಕೊಡ ಬೇಗ ತುಂಬುತ್ತದೆ. ಸ್ವಲ್ಪ ತಿರುಗಿಸಿದರೆ ಹೆಚ್ಚು ಹೊತ್ತು ಕಾಯಬೇಕು. ಕ್ಯಾಮೆರಾದೊಳಗೆ ಬೆಳಕು ತುಂಬುವುದೂ ಹೀಗೆಯೇ. ಮಸೂರದಲ್ಲಿ ಬೆಳಕು ಹಾದುಹೋಗುವ ರಂಧ್ರಕ್ಕೆ ಅಪರ್ಚರ್ ಎಂದು ಹೆಸರು. ಇದನ್ನು ಎಫ್/4, ಎಫ್/8, ಎಫ್/16 ಎಂದು ಗುರುತಿಸುತ್ತಾರೆ. ಅಂಕಿ ಚಿಕ್ಕದಾದಷ್ಟೂ ರಂಧ್ರ ದೊಡ್ಡದು. ರಂಧ್ರ ಕಿರಿದಾದರೆ ಹತ್ತಿರದ ಬಂಡೆಯೂ ದೂರದ ಬೆಟ್ಟವೂ ಸ್ಪಷ್ಟವಾಗಿ ಮೂಡುತ್ತವೆ. ಬೆಳಕು ಒಳಗೆ ಬೀಳುವ ಕಾಲಾವಧಿಗೆ ಷಟರ್ ವೇಗ ಎನ್ನುವರು. ಮೂರನೆಯದು ಐ.ಎಸ್.ಒ. ಇದನ್ನು ಹೆಚ್ಚಿಸಿದರೆ ಮಬ್ಬು ಬೆಳಕಿನಲ್ಲೂ ಚಿತ್ರ ತೆಗೆಯಬಹುದು. ಆದರೆ ಚಿತ್ರದ ಮೇಲೆ ಮರಳು ಚೆಲ್ಲಿದಂತೆ ಕಾಳುಕಾಳು ಕಾಣಿಸುತ್ತದೆ.

ಈಗ ಜಲಪಾತಕ್ಕೆ ಬರೋಣ. ಷಟರ್ ವೇಗವನ್ನು 1/1000 ಸೆಕೆಂಡಿಗೆ ಇಟ್ಟರೆ ಹನಿಗಳು ಗಾಳಿಯಲ್ಲಿ ಮುತ್ತುಗಳಂತೆ ನಿಲ್ಲುತ್ತವೆ. ಅದೇ ನೀರನ್ನು 1/2 ಸೆಕೆಂಡಿನಲ್ಲಿ ತೆಗೆದರೆ ಹನಿಗಳೆಲ್ಲ ಕೂಡಿಕೊಂಡು ಹೊಗೆಯಾಗುತ್ತವೆ. ಎರಡೂ ಸುಳ್ಳಲ್ಲ. ಮೊದಲನೆಯದು ನೀರಿನ ರಭಸವನ್ನು ಹೇಳುತ್ತದೆ. ಎರಡನೆಯದು ಊರಿಗೆ ಹೆಸರಿಟ್ಟ ಹಿರಿಯರ ನೋಟವನ್ನು ಹೇಳುತ್ತದೆ. ಯಾವುದನ್ನು ಹೇಳಬೇಕೆಂದು ನಿರ್ಧರಿಸುವುದು ಯಂತ್ರದ ಕೆಲಸವಲ್ಲ, ನಮ್ಮ ಕೆಲಸ.

ಹೊಗೆಯಂಥ ನೀರು ಬೇಕೆಂದರೆ ಕ್ಯಾಮೆರಾ ಅಲುಗಬಾರದು. ಅದನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಐ.ಎಸ್.ಒ. 100 ಮತ್ತು ಎಫ್/16 ಇಡಬೇಕು. ನಡುಹಗಲಿನಲ್ಲಿ ಬೆಳಕು ಅತಿಯಾಗುವುದರಿಂದ ಮುಂಜಾನೆಯೇ ಒಳ್ಳೆಯದು. ಹರಿಗೋಲಿನಲ್ಲಿ ಕುಳಿತಾಗ ಈ ಕ್ರಮ ನಡೆಯದು. ಹರಿಗೋಲಿನೊಡನೆ ಮುಕ್ಕಾಲಿಯೂ ತೂಗಾಡುತ್ತದೆ. ಅಲ್ಲಿ ವೇಗದ ಷಟರೇ ಬೇಕು.

ಬಿಳಿ ಕಲೆಯ ಕಾರಣವನ್ನು ಇನ್ನು ತಿಳಿಯೋಣ. ಕ್ಯಾಮೆರಾದ ಬೆಳಕುಮಾಪಕವು ಎದುರಿನ ದೃಶ್ಯವನ್ನು ನಡುಬೂದು ಬಣ್ಣಕ್ಕೆ ತರಲು ನೋಡುತ್ತದೆ. ಚೌಕಟ್ಟಿನ ತುಂಬ ಕಪ್ಪು ಬಂಡೆಯಿದ್ದರೆ ಅದು ಬೆಳಕನ್ನು ಹೆಚ್ಚಿಸುತ್ತದೆ. ಆಗ ನೊರೆ ಸುಟ್ಟುಹೋದಂತೆ ಬೆಳ್ಳಗಾಗುತ್ತದೆ. ಇಂಥಲ್ಲಿ ಬೆಳಕನ್ನು ಒಂದು ಹಂತ ಇಳಿಸಬೇಕು. ಸೇಲಂ ಜಿಲ್ಲೆಯ ಏರ್ಕಾಡಿನಲ್ಲಿ ಇದಕ್ಕೆ ವಿರುದ್ಧವಾದುದು ನಡೆಯುತ್ತದೆ. ಸುಮಾರು 1500 ಮೀಟರ್ ಎತ್ತರದ ಆ ಬೆಟ್ಟದಲ್ಲಿ ಮಂಜು ಕವಿದಾಗ ಚಿತ್ರವು ಕೊಳಕು ಬೂದಾಗಿ ಬರುತ್ತದೆ. ಅಲ್ಲಿ ಒಂದು ಹಂತ ಏರಿಸಿದರೆ ಮಂಜು ಮಂಜಾಗಿಯೇ ಕಾಣುತ್ತದೆ.

1934ರಲ್ಲಿ ಪೂರ್ಣಗೊಂಡ ಮೆಟ್ಟೂರು ಅಣೆಕಟ್ಟೆಯೂ ಸೇಲಂ ಜಿಲ್ಲೆಯಲ್ಲಿದೆ. ಅಲ್ಲಿನ ನೀರಿಗೆ ಎರಗುವ ಮಿಂಚುಳ್ಳಿಯನ್ನು ಹಿಡಿಯಲು 300 ಅಥವಾ 400 ಮಿಲಿಮೀಟರ್ ಮಸೂರವೂ 1/2000 ಸೆಕೆಂಡಿನ ವೇಗವೂ ಬೇಕಾಗುತ್ತವೆ. ಅದಕ್ಕಾಗಿ ಎಫ್/5.6 ಮತ್ತು ಐ.ಎಸ್.ಒ. 800 ಇಟ್ಟುಕೊಳ್ಳಬಹುದು. ಸ್ವಲ್ಪ ಕಾಳುಕಾಳಾದರೂ ಸರಿ, ಹಕ್ಕಿ ಸ್ಪಷ್ಟವಾಗಿರಬೇಕು.

ಇಷ್ಟೆಲ್ಲ ಸಲಕರಣೆ ಇಲ್ಲವೆಂದು ಕೊರಗಬೇಕಾಗಿಲ್ಲ. ತಮಿಳುನಾಡಿನ ಹೆಸರಾಂತ ನಿಸರ್ಗತಜ್ಞ ಎಂ. ಕೃಷ್ಣನ್ (1912-1996) ಬೇರೆಬೇರೆ ಭಾಗಗಳನ್ನು ಜೋಡಿಸಿದ ಭಾರವಾದ ಕ್ಯಾಮೆರಾದಿಂದ ಕಾಡುಪ್ರಾಣಿಗಳನ್ನು ಕಪ್ಪುಬಿಳುಪಿನಲ್ಲಿ ಸೆರೆಹಿಡಿದರು. ಪ್ರಾಣಿಗಳ ನಡೆನುಡಿಯನ್ನು ಬಲ್ಲ ಕಣ್ಣೇ ಅವರ ದೊಡ್ಡ ಸಲಕರಣೆ. ಇಂದು ಅನೇಕ ಮೊಬೈಲ್ ಫೋನುಗಳಲ್ಲೂ ಷಟರ್ ವೇಗವನ್ನು ಬದಲಿಸಬಹುದು. ಹಾರಿದ ತುಂತುರನ್ನು ಒರೆಸಲು ಒಂದು ಮೆತ್ತನೆಯ ಬಟ್ಟೆ, ಕ್ಯಾಮೆರಾಕ್ಕೆ ಹೊದಿಸಲು ಒಂದು ಪ್ಲಾಸ್ಟಿಕ್ ಚೀಲ ಜೊತೆಗಿದ್ದರೆ ಸಾಕು.

ಆದರೆ ಯಾವ ಚಿತ್ರವೂ ಜೀವಕ್ಕಿಂತ ದೊಡ್ಡದಲ್ಲ. ಹೊಗೇನಕಲ್ಲಿನ ಒದ್ದೆ ಬಂಡೆ ಜಾರುತ್ತದೆ; ಮೇಲೆ ಮಳೆಯಾದರೆ ಹೊಳೆ ಏರುತ್ತದೆ. ಕಟಕಟೆ ದಾಟಿ ಮುಂದೆ ಹೋಗಬಾರದು. ಹಾಗೆಯೇ ಗೂಡಿನ ಹತ್ತಿರ ಹೋದರೆ ತಾಯಿಹಕ್ಕಿ ಹಾರಿಹೋಗುತ್ತದೆ. ಮೊಟ್ಟೆ, ಮರಿಗಳು ಬಿಸಿಲಿಗೂ ಕಾಗೆಗೂ ಈಡಾಗುತ್ತವೆ. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಕಾಡಿನ ಒಂದು ಭಾಗವನ್ನು 2022ರಲ್ಲಿ ಕಾವೇರಿ ದಕ್ಷಿಣ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಅಲ್ಲಿನ ಜೀವಿಗಳಿಗೆ ನಾವು ಅತಿಥಿಗಳು. ಬಂದ ಸುಳಿವೇ ಸಿಗದಂತೆ ಹಿಂದಿರುಗಿದವನೇ ಒಳ್ಳೆಯ ಛಾಯಾಗ್ರಾಹಕ.

ಅಭ್ಯಾಸ

1. ಹೊಗೇನಕಲ್ ಎಂಬ ಹೆಸರು ಹೇಗೆ ಬಂದಿತು?
2. ಹರಿಗೋಲಿನಲ್ಲಿ ಮುಕ್ಕಾಲಿ ಏಕೆ ಉಪಯೋಗಕ್ಕೆ ಬಾರದು?
3. ಮಂಜಿನಲ್ಲಿ ಬೆಳಕನ್ನು ಏರಿಸಬೇಕು, ಕಪ್ಪು ಬಂಡೆಯೆದುರು ಇಳಿಸಬೇಕು. ಕಾರಣ ಬರೆಯಿರಿ.
4. ನಿಮ್ಮ ಊರಿನ ಕೆರೆಯನ್ನು ದಿನದ ಯಾವ ಹೊತ್ತಿನಲ್ಲಿ, ಹೇಗೆ ಚಿತ್ರಿಸುವಿರಿ? ಹತ್ತು ವಾಕ್ಯಗಳಲ್ಲಿ ಬರೆಯಿರಿ.