ಉಸಿರಿನ ಕಾಲಂ

ದಾವಣಗೆರೆಯ ಒಂದು ಸಹಕಾರಿ ಸಂಘದಲ್ಲಿ ನಾನು ಲೆಕ್ಕ ಬರೆಯುವವಳು. ಸಂಜೆ ಹತ್ತು ರೂಪಾಯಿ ತಾಳೆಯಾಗದಿದ್ದರೂ ಮನೆಗೆ ಹೊರಡುತ್ತಿರಲಿಲ್ಲ. ಮೊದಲ ಹೆರಿಗೆಗೆ ಹರಿಹರದ ತವರಿಗೆ ಹೋಗುವಾಗ ಬ್ಯಾಗಿನಲ್ಲಿ ಇನ್ನೂರು ಪುಟದ ನೋಟ್‌ಬುಕ್ ಇತ್ತು. ಮಗು ಎಷ್ಟೊತ್ತಿಗೆ ಹಾಲು ಕುಡಿಯಿತು, ಎಷ್ಟು ನಿಮಿಷ, ಎಷ್ಟು ಸಲ ಉಚ್ಚೆ ಹೊಯ್ದಿತು, ಎಲ್ಲಕ್ಕೂ ಗೆರೆ ಹೊಡೆದು ಕಾಲಂ ಮಾಡಿದೆ. ನೋಡಲು ಬಂದವರೆಲ್ಲ ಹೊಗಳಿದರು.

ಹದಿನೈದನೇ ದಿನ ಇನ್ನೊಂದು ಕಾಲಂ ಸೇರಿತು: ಉಸಿರು. ರಾತ್ರಿ ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ನೋಡಿ ಗುರುತು ಹಾಕುವುದು. ಮೊದಲು ಗಂಟೆಗೊಮ್ಮೆ, ಆಮೇಲೆ ಹತ್ತು ನಿಮಿಷಕ್ಕೊಮ್ಮೆ. ಮಗು ಮಲಗಿರುತ್ತಿತ್ತು, ಅವ್ವ ಮಲಗಿರುತ್ತಿದ್ದಳು, ನಾನು ಗೋಡೆಗೊರಗಿ ಕೂತಿರುತ್ತಿದ್ದೆ. ಅಳ್ವಿ ಪಾಯಸ ಆರಿ ಕೆನೆಗಟ್ಟುತ್ತಿತ್ತು. ಸಾಂಬ್ರಾಣಿ ಹೊಗೆ ಹಾಕಲು ಬಂದ ಅವ್ವನ ಮೇಲೆ ಕಿರುಚಿದೆ. (ಅದೊಂದು ಹೆದರಿಕೆ ಮಾತ್ರ ಸರಿಯಾಗಿಯೇ ಇತ್ತು, ಎಳೆಗೂಸಿಗೆ ಹೊಗೆ ಒಳ್ಳೆಯದಲ್ಲ.) ಹೊಳೆಯಾಚೆಯ ಕುಮಾರಪಟ್ಟಣದ ಚಿಕ್ಕಮ್ಮ ಬರ್ತೀನಿ ಅಂತ ಫೋನ್ ಮಾಡಿದರೆ ತುಂಗಭದ್ರೆಯ ಸೇತುವೆ ಕಣ್ಮುಂದೆ ಬರುತ್ತಿತ್ತು; ಅದರ ಮೇಲೆ ನಾನು ನಿಂತಂತೆ, ಮಗು ಕೈಜಾರಿದಂತೆ. ಯಾರಿಗೆ ಹೇಳುವುದು? ಬಾಣಂತಿ ಸನ್ನಿ ಅಂದಾರು ಎಂದು ಬಾಯಿ ಬಿಡಲಿಲ್ಲ.

"ನಿನ್ನ ಗುಣಾನೇ ಹಂಗೈತಿ ಬಿಡವಾ, ಸಣ್ಣಾಕಿ ಇದ್ದಾಗಿಂದ್ಲೂ ಹೆದರಪುಕ್ಕಲಿ," ಅಂದಳು ಅವ್ವ. ತೋರಿಸಿದ ಒಬ್ಬ ಡಾಕ್ಟರೂ ಅದೇ ಮಾತು ಹೇಳಿ ಟಾನಿಕ್ ಬರೆದುಕೊಟ್ಟರು. ಗಂಡನೂ ಒಪ್ಪಿದ. ಎಲ್ಲರಿಗಿಂತ ಮೊದಲು ಒಪ್ಪಿದವಳು ನಾನೇ.

ಒಂದೂವರೆ ತಿಂಗಳ ಚುಚ್ಚುಮದ್ದಿನ ದಿನ ನರ್ಸಮ್ಮನಿಗೆ ನೋಟ್‌ಬುಕ್ ತೋರಿಸಿ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದೆ. ಅವರು ತಿರುಗಿ ಒಂದೇ ಕೇಳಿದರು: "ಮಗು ಮಲಗಿದಾಗ ನಿಮಗ ನಿದ್ದಿ ಬರ್ತತೇನ್ರಿ?" ಸರದಿಯಲ್ಲಿದ್ದವರ ಎದುರೇ ಅತ್ತುಬಿಟ್ಟೆ.

ನರ್ಸಮ್ಮ ಕಳಿಸಿದ ದಾವಣಗೆರೆಯ ಮನೋವೈದ್ಯರು ಹತ್ತು ಪ್ರಶ್ನೆಗಳ ಹಾಳೆ ಕೊಟ್ಟರು. ಎಡಿನ್‌ಬರೋ ಅಳತೆಪಟ್ಟಿ ಅಂತ ಹೆಸರು, 1987ರಲ್ಲಿ ಪ್ರಕಟವಾದದ್ದು, ಕನ್ನಡದಲ್ಲೂ ಇದೆ. ಕಳೆದ ಏಳು ದಿನ ಹೇಗಿದ್ದೆ ಎಂಬುದಷ್ಟೇ ಪ್ರಶ್ನೆ. ಒಟ್ಟು 30 ಅಂಕ, ಹೆಚ್ಚು ಬಂದಷ್ಟೂ ಕಷ್ಟ. ನನಗೆ 21 ಬಂತು. ಹೆರಿಗೆಯ ಮೊದಲ ವಾರದ ಅಳು ಬಹಳ ಜನಕ್ಕೆ ಬರುತ್ತದೆ, ಎರಡು ವಾರದೊಳಗೆ ತಾನೇ ಹೋಗುತ್ತದೆ, ನಿಮ್ಮದು ಹೋಗಿಲ್ಲ, ಅಂದರು. ಇಲ್ಲದ್ದು ಕಾಣುವುದು, ಕೇಳುವುದು, ದಿಕ್ಕುತಪ್ಪಿ ಮಾತಾಡುವುದು ಸನ್ನಿ. ಅದಕ್ಕೆ ಅವತ್ತೇ ಆಸ್ಪತ್ರೆ ಬೇಕು. ಇದು ಅದಲ್ಲ, ಖಿನ್ನತೆ ಮತ್ತು ಆತಂಕ.

"ನನ್ನ ಸ್ವಭಾವಾನೇ ಹಿಂಗಲ್ವಾ ಡಾಕ್ಟ್ರೇ?" ಅಂದೆ. ಸಣ್ಣದಕ್ಕೂ ಅಂಜುವವರಿಗೆ, ತಪ್ಪನ್ನೆಲ್ಲ ತಮ್ಮ ಮೇಲೆ ಎಳೆದುಕೊಳ್ಳುವವರಿಗೆ ಇದು ಬರುವ ಸಂಭವ ಹೆಚ್ಚು ಎಂದು ಒಪ್ಪಿದರು. ಆಮೇಲೆ ಕೇಳಿದರು: "ಆಫೀಸಿನಲ್ಲಿ ಲೆಕ್ಕ ತಾಳೆಯಾದ ಮೇಲೆ ಏನು ಮಾಡ್ತಿದ್ರಿ?" ಮನೆಗೆ ಹೋಗಿ ಉಂಡು ಮಲಗುತ್ತಿದ್ದೆ. ಇಲ್ಲಿ ಎಲ್ಲ ಕಾಲಮ್ಮೂ ತಾಳೆಯಾದ ಮೇಲೂ ನಿದ್ದೆಯಿಲ್ಲ. ಸ್ವಭಾವಕ್ಕೂ ಕಾಯಿಲೆಗೂ ನಡುವಿನ ಗೆರೆ ನನಗೆ ಕಂಡದ್ದು ಅಲ್ಲಿ. ನನ್ನ ನಾದಿನಿ ಯಾವುದಕ್ಕೂ ತಲೆ ಕೆಡಿಸಿಕೊಳ್ಳದ ನಗೆಬುಗ್ಗೆ. ಎರಡನೇ ಹೆರಿಗೆಯ ನಂತರ ಎರಡು ತಿಂಗಳು ಅವಳಿಗೂ ಹಾಸಿಗೆ ಬಿಟ್ಟೇಳಲು ಆಗಲಿಲ್ಲ. ಅವಳಿಗೆ "ಸೋಮಾರಿ" ಅಂದವರಲ್ಲಿ ನಾನೂ ಒಬ್ಬಳು.

ಹಾಲೂಡಿಸುವವರಿಗೂ ಕೊಡಬಹುದಾದ ಮಾತ್ರೆ ಕೊಟ್ಟರು, ವಾರಕ್ಕೊಮ್ಮೆ ಮಾತಿಗೆ ಕರೆದರು. ರಾತ್ರಿ ಎರಡರವರೆಗೆ ಮಗುವಿನ ಪಾಳಿ ಗಂಡನದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗು ಒಟ್ಟಿಗಿರುವ ವಾರ್ಡೇ ಇದೆಯಂತೆ. ನನಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ನೋಟ್‌ಬುಕ್ಕಿನಲ್ಲಿ ವಾರಕ್ಕೊಂದು ಕಾಲಂ ಬಿಡುವುದು ನನಗೆ ಕೊಟ್ಟ ಮನೆಪಾಠ. ಉಚ್ಚೆ ಸುಲಭವಾಗಿ ಹೋಯಿತು. ಉಸಿರು ಬಿಡಲು ನಾಲ್ಕು ತಿಂಗಳು ಬೇಕಾಯಿತು.

ಬಾಣಂತಿ ನೋಡಲು ಹೋದಾಗ ಮಗುವಿನ ತೂಕ ಕೇಳುವ ಮೊದಲು ಆ ನಿದ್ದೆಯ ಪ್ರಶ್ನೆ ಕೇಳಿ. ಉತ್ತರ ತಡವರಿಸಿದರೆ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ನಡುರಾತ್ರಿಯಾದರೆ ಟೆಲಿ ಮಾನಸ್ ಸಹಾಯವಾಣಿ, 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.