ಹಸಿರು ಕಟ್ಟಡ ವಹಿಸಿಕೊಂಡವಳಿಗೆ

ಮಲ್ಲೇಶ್ವರದ ಆಚೆ ಎದ್ದಿರುವ ಆ ದೊಡ್ಡ ಕಚೇರಿ ಕಟ್ಟಡದ ಉಸ್ತುವಾರಿ ಇನ್ನು ನಿನ್ನದೇ ಅಂತ ನಿಮ್ಮಪ್ಪ ಹೇಳಿದ. ಬಹಳ ಸಂತೋಷ ಕಣಮ್ಮಾ. ಕಟ್ಟಡ ನೋಡಿಕೊಳ್ಳುವ ಕೆಲಸದಲ್ಲೇ ತಲೆ ನರೆತ ದೊಡ್ಡಪ್ಪನ ನಾಲ್ಕು ಮಾತು ಕೇಳು.

ಲಾಬಿಯಲ್ಲಿ ಹಸಿರು ಕಟ್ಟಡದ ಪ್ರಮಾಣಪತ್ರ ಇದೆಯಂತೆ. ಅದು ನಕ್ಷೆಗೆ, ಕಟ್ಟಿದ ರೀತಿಗೆ ಸಿಕ್ಕ ಮನ್ನಣೆ. ಇವತ್ತು ಕಟ್ಟಡ ಹೇಗೆ ನಡೆಯುತ್ತಿದೆ ಅಂತ ಹೇಳುವುದು ತಿಂಗಳ ಬಿಲ್ಲು. ಹಿಂದಿನ ವರ್ಷಗಳ ಕರೆಂಟ್ ಬಿಲ್ಲುಗಳನ್ನೆಲ್ಲ ತೆಗೆಸು. ವರ್ಷಕ್ಕೆ ಉರಿದ ಯೂನಿಟ್ಟುಗಳನ್ನು ಚದರ ಮೀಟರಿನಿಂದ ಭಾಗಿಸಿ ನೋಡು. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ ಬಿಇಇ 2009ರಲ್ಲಿ ಕಚೇರಿಗಳಿಗೆ ಸ್ಟಾರ್ ಕೊಡಲು ಶುರುಮಾಡಿದ್ದು ಇದೇ ಲೆಕ್ಕದಿಂದ.

ಬಿಲ್ಲು ಇಳಿಸುವ ಹಳೆಯ ದಾರಿ ಗಾಳಿ ಬೆಳಕು. 1898ರ ಪ್ಲೇಗಿನ ನಂತರ ನಮ್ಮ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳನ್ನು ಕಟ್ಟುವಾಗ ಗಾಳಿ ಬೆಳಕಿಗೇ ಮೊದಲ ಮಣೆ ಹಾಕಿದರು. ಈ ಊರಿನ ಹವೆಗೆ ಅದೇ ಸರಿ. ದೊಮ್ಮಲೂರಿನಲ್ಲಿರುವ ಇಂಧನ ಸಂಶೋಧನಾ ಸಂಸ್ಥೆ ಟೆರಿಯ ಕಚೇರಿಯನ್ನು ಬಿಡುವು ಮಾಡಿಕೊಂಡು ನೋಡಿ ಬಾ. ಅದರ ದಕ್ಷಿಣಕ್ಕೆ ನಾರುವ ಕಾಲುವೆ, ಉತ್ತರಕ್ಕೆ ಪಾರ್ಕು. ವಾಸ್ತುಶಿಲ್ಪಿ ಸಂಜಯ್ ಮೋಹೆ ಕಾಲುವೆಯ ಕಡೆ ಗೋಡೆ ಮುಚ್ಚಿ, ಕಪ್ಪು ಕಡಪ ಕಲ್ಲು ಹೊದಿಸಿದರು. ಬಿಸಿಲಿಗೆ ಕಲ್ಲು ಕಾದಂತೆ ಅದರ ಹಿಂದಿನ ಪೊಳ್ಳಿನ ಗಾಳಿ ಮೇಲೇರಿ, ಪಾರ್ಕಿನ ಕಡೆಯಿಂದ ತಂಪು ಗಾಳಿಯನ್ನು ಒಳಗೆಳೆಯುತ್ತದೆ. ನಿನ್ನ ಕಟ್ಟಡ ಹಾಗಿಲ್ಲ, ಗೊತ್ತು. ಆದರೂ ಏಸಿಯನ್ನು 24 ಡಿಗ್ರಿಗೆ ಇಡಿಸಬಹುದು. ಒಂದೊಂದು ಡಿಗ್ರಿ ಏರಿಸಿದರೂ ಸುಮಾರು ನೂರಕ್ಕೆ ಆರರಷ್ಟು ಕರೆಂಟು ಉಳಿಯುತ್ತದೆ ಅಂತ ಬಿಇಇಯೇ ಹೇಳುತ್ತದೆ. ಮನೆಯಿಂದಲೇ ಕೆಲಸ ಮಾಡುವವರು ಹೆಚ್ಚಿರುವ ದಿನ ಇಡೀ ಮಹಡಿಗೆ ಏಸಿ ಓಡಿಸಬೇಡ. ಬಂದವರನ್ನು ಒಂದೇ ಮಹಡಿಯಲ್ಲಿ ಕೂರಿಸು.

ಬಾಡಿಗೆ ಕರಾರನ್ನೂ ಓದಿಕೋ. ಏಸಿ ಮಾಲೀಕರದು, ಬಿಲ್ಲು ಬಾಡಿಗೆದಾರರದು ಎಂದಾದರೆ ಹಳೆ ಯಂತ್ರ ಬದಲಿಸಲು ಯಾರೂ ಮುಂದೆ ಬರುವುದಿಲ್ಲ. ಕರಾರು ನವೀಕರಿಸುವಾಗ ಖರ್ಚನ್ನೂ ಉಳಿತಾಯವನ್ನೂ ಹಂಚಿಕೊಳ್ಳುವ ಷರತ್ತು ಬರೆಸು.

ಇನ್ನು ನೀರು. ಕಾವೇರಿ ನೀರು ನೂರು ಕಿಲೋಮೀಟರ್ ದೂರದಿಂದ, ಪಂಪು ಪಂಪಿಗೂ ಕರೆಂಟು ಸುರಿಸಿಕೊಂಡು ಬೆಟ್ಟ ಹತ್ತಿ ಬರುತ್ತದೆ. ನಿನ್ನ ತಾರಸಿ ಸಾವಿರ ಚದರ ಮೀಟರ್ ಇದ್ದರೆ, ವರ್ಷಕ್ಕೆ ಒಂಬತ್ತು ಲಕ್ಷ ಲೀಟರಿಗೂ ಹೆಚ್ಚು ಮಳೆನೀರು ಅದರ ಮೇಲೇ ಬೀಳುತ್ತದೆ. ಮಳೆಕೊಯ್ಲು 2009ರಿಂದ ಕಾನೂನೇ ಆಗಿದೆ. ಮಳೆಗಾಲಕ್ಕೆ ಮುಂಚೆ ಅದರ ಫಿಲ್ಟರ್ ಬಿಚ್ಚಿಸಿ ತೊಳೆಸು. 2024ರ ಬೇಸಿಗೆಯಲ್ಲಿ ಜಲಮಂಡಳಿ ಕಡ್ಡಾಯ ಮಾಡಿತಲ್ಲ, ನೀರಿನ ಹರಿವು ತಗ್ಗಿಸುವ ಆ ಏರೇಟರುಗಳು ನಲ್ಲಿಗಳಲ್ಲಿ ಇನ್ನೂ ಇವೆಯೇ ಅಂತ ಕಣ್ಣಾರೆ ನೋಡು.

ಎಲ್ಲಕ್ಕಿಂತ ಮುಖ್ಯವಾಗಿ, ಬೇಸ್‌ಮೆಂಟಿಗೆ ಇಳಿದು ಕೊಳಚೆ ನೀರು ಶುದ್ಧೀಕರಿಸುವ ಎಸ್‌ಟಿಪಿ ನೋಡು. ಕೊಳಚೆಗೆ ಗಾಳಿ ಊದುವ ಬ್ಲೋವರ್ ನಿಲ್ಲಿಸಿ ಕರೆಂಟು ಉಳಿಸುವ ಚಾಳಿ ಕೆಲವು ಕಡೆ ಉಂಟು. ಆಗ ನೀರು ಶುದ್ಧವಾಗುವುದಿಲ್ಲ, ಫ್ಲಶ್ಶಿಗೂ ಟ್ಯಾಂಕರ್ ನೀರು ತರಿಸಬೇಕಾಗುತ್ತದೆ. ದಿನದ ಲಾಗ್‌ಬುಕ್ಕಿಗೆ ನೀನೇ ಸಹಿ ಹಾಕು. ಅಲ್ಲಿ ರಾತ್ರಿಪಾಳಿ ಮಾಡುವ ಹುಡುಗ ಗುತ್ತಿಗೆಯವನಾಗಿರುತ್ತಾನೆ. ಅವನಿಗೆ ತರಬೇತಿ ಕೊಡಿಸು, ಸಂಬಳ ತಡವಾಗದಂತೆ ನೋಡು. ತೊಟ್ಟಿ ಕಟ್ಟಿಕೊಂಡಿತು ಅಂತ ಯಾರನ್ನೂ ಒಳಗೆ ಇಳಿಸಬೇಡ. ಒಳಗಿನ ವಿಷಗಾಳಿಗೆ ನಮ್ಮ ಊರಿನಲ್ಲೇ ಜೀವಗಳು ಹೋಗಿವೆ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಹಾಗೆ ಇಳಿಸುವುದನ್ನು ಅಪರಾಧ ಅನ್ನುತ್ತದೆ. ಯಂತ್ರದಿಂದಲೇ ತೆಗೆಸು. ಆ ಖರ್ಚಿಗೆ ಈ ವರ್ಷದ ಬಜೆಟ್ಟಿನಲ್ಲೇ ಹಣ ಇಡಿಸು.